ದವಡೆಯಲ್ಲಿ ನೆಟ್ಟ ಲೋಹದ ಬೇರು

ಬಿದ್ದುಹೋದ ಹಲ್ಲಿನ ಸ್ಥಾನದಲ್ಲಿ ಹೊಸ ಹಲ್ಲನ್ನು ನೆಡಿಸಿಕೊಳ್ಳಬೇಕೆಂದು ದಂತವೈದ್ಯರ ಬಳಿಗೆ ಹೋದವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಕೇಳಿ ಆಶ್ಚರ್ಯಪಡುತ್ತಾರೆ. ದವಡೆಯ ಮೂಳೆಯಲ್ಲಿ ರಂಧ್ರ ಕೊರೆದು ಲೋಹದ ತಿರುಪೊಂದನ್ನು ಕೂರಿಸುವ ಶಸ್ತ್ರಕ್ರಿಯೆಯು, ಒಂದು ಹಲ್ಲಿನ ಮಟ್ಟಿಗೆ, ಬಹುಶಃ ಒಂದು ಗಂಟೆಯೊಳಗೇ ಮುಗಿದುಹೋಗುವುದೆಂಬುದು ಮೊದಲನೆಯದು. ಆ ತಿರುಪಿನ ಮೇಲೆ ಅಗಿಯಲು ಬರುವ ಹಲ್ಲು ಕೂರಬೇಕಾದರೆ ಎರಡರಿಂದ ಆರು ತಿಂಗಳವರೆಗೆ ಕಾಯಬೇಕೆಂಬುದು ಎರಡನೆಯದು. ನೋವೆಷ್ಟು, ವೆಚ್ಚವೆಷ್ಟು ಎಂದು ವಿಚಾರಿಸುವವರು ಬಹಳ. ಈ ತಿಂಗಳುಗಳಲ್ಲಿ ಬಾಯೊಳಗೆ ಏನು ನಡೆಯುತ್ತದೆ ಎಂದು ವಿಚಾರಿಸುವವರು ವಿರಳ. ಆದರೆ ಇಡೀ ಚಿಕಿತ್ಸೆಯ ಗುಟ್ಟೆಲ್ಲ ಆ ಕಾಯುವ ಅವಧಿಯಲ್ಲಿಯೇ ಅಡಗಿದೆ. ಅಷ್ಟು ದಿನವೂ ದುಡಿಯುವುದು ರೋಗಿಯ ಮೂಳೆ. ವೈದ್ಯರಿಗೆ ಆಗಾಗ್ಗೆ ನೋಡುವುದಷ್ಟೇ ಕೆಲಸ.

ಮೊದಲು ಸಹಜವಾದ ಹಲ್ಲು ನಿಂತಿರುವ ಬಗೆಯನ್ನು ನೋಡೋಣ. ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಅದರ ಬೇರಿಗೂ ಗುಳಿಯ ಗೋಡೆಗೂ ನಡುವೆ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಸಂದಿಯಿದ್ದು, ಆ ಸಂದಿಯ ತುಂಬ ನವುರಾದ ನಾರುಗಳು ಹೆಣೆದುಕೊಂಡಿವೆ. ತೊಟ್ಟಿಲು ಹಗ್ಗಗಳಿಂದ ತೂಗುವಂತೆ ಹಲ್ಲು ಈ ನಾರುಗಳಿಂದ ತೂಗುತ್ತಿದೆ ಎಂದರೆ ತಪ್ಪಾಗದು. ಅನ್ನದಲ್ಲಿ ಕಲ್ಲು ಸಿಕ್ಕಿದ ಒಡನೆಯೇ ದವಡೆ ತಾನಾಗಿ ತಡೆದು ನಿಲ್ಲುವುದು ಈ ನಾರುಪೊರೆಯಲ್ಲಿರುವ ನರತಂತುಗಳ ದೆಸೆಯಿಂದ. ಹಲ್ಲನ್ನು ಕಿತ್ತಾಗ ಪೊರೆಯೂ ಹೋಗುತ್ತದೆ, ಮತ್ತೆ ಹುಟ್ಟುವುದಿಲ್ಲ. ಮೇಲಾಗಿ, ಹೊರುವ ಭಾರ ತಪ್ಪಿದ ದವಡೆಯ ಮೂಳೆಯೂ ಕರಗತೊಡಗುತ್ತದೆ. ಹಲ್ಲು ಕಿತ್ತ ಒಂದು ವರ್ಷದೊಳಗೆ ಆ ಭಾಗದ ಮೂಳೆಯ ಏಣು ಅಗಲದಲ್ಲಿ ಅರ್ಧದಷ್ಟು ಕುಗ್ಗುವುದುಂಟು; ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ. ಹಲ್ಲೆಲ್ಲ ಉದುರಿದ ವೃದ್ಧರ ಗದ್ದ ಮೂಗಿನ ಕಡೆಗೆ ಬಾಗಿ ಬರುವುದು ಇದರಿಂದಲೇ. ತೆಗೆದು ಹಾಕುವ ಕಟ್ಟುಹಲ್ಲು ಈ ಕ್ಷಯವನ್ನು ತಡೆಯಲಾರದು.

ಆದುದರಿಂದ ಮೂಳೆಯೊಳಗೇ ಹೊಸ ಬೇರೊಂದನ್ನು ನೆಡುವ ಆಸೆ ಮನುಷ್ಯನಿಗೆ ಬಹಳ ಹಳೆಯದು. ಮಧ್ಯ ಅಮೆರಿಕದ ಹೊಂಡುರಾಸ್ ದೇಶದಲ್ಲಿ 1931ರಲ್ಲಿ ದೊರೆತ, ಸುಮಾರು ಕ್ರಿ.ಶ. 600ರ ಕಾಲದ ಮಾಯಾ ಜನರ ದವಡೆಯೊಂದರಲ್ಲಿ ಮೂರು ಕೆಳಬಾಚಿಹಲ್ಲುಗಳ ಜಾಗದಲ್ಲಿ ಚಿಪ್ಪಿನ ತುಂಡುಗಳನ್ನು ಹಲ್ಲಿನ ಆಕಾರಕ್ಕೆ ತಿದ್ದಿ ಕೂರಿಸಲಾಗಿತ್ತು. ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳ ವೈದ್ಯರು ಚಿನ್ನ, ಪ್ಲಾಟಿನಂ, ಕೋಬಾಲ್ಟಿನ ಮಿಶ್ರಲೋಹ ಇವುಗಳನ್ನೆಲ್ಲ ಪ್ರಯೋಗಿಸಿ ನೋಡಿದರು. ಬಹುಪಾಲು ಪ್ರಯತ್ನಗಳು ವಿಫಲವಾದುವು. ಕಾಲಿಗೆ ಚುಚ್ಚಿ ಒಳಗೇ ಉಳಿದ ಮುಳ್ಳಿನ ಸುತ್ತ ದೇಹ ನಾರಿನ ಗೋಡೆ ಕಟ್ಟುತ್ತದೆಯಲ್ಲವೆ? ದವಡೆಯಲ್ಲಿಟ್ಟ ಲೋಹಕ್ಕೂ ಅದೇ ಗತಿ. ಮೆತ್ತನೆಯ ನಾರುಕೋಶದಲ್ಲಿ ಸಿಕ್ಕಿಕೊಂಡ ಬೇರು ಅಲುಗಾಡಿ, ಕೀವುಗೂಡಿ, ಕೆಲಕಾಲದಲ್ಲೇ ಕಳಚಿ ಬರುತ್ತಿತ್ತು.

ದಾರಿ ತೆರೆದದ್ದು ಹಲ್ಲಿಗೆ ಸಂಬಂಧಪಡದ ಒಂದು ಪ್ರಯೋಗದಿಂದ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದಲ್ಲಿ 1952ರಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ತರುಣ ಸಂಶೋಧಕರು, ಜೀವಂತ ಮೂಳೆಯ ಮಜ್ಜೆಯಲ್ಲಿ ರಕ್ತ ಹರಿಯುವ ರೀತಿಯನ್ನು ಸೂಕ್ಷ್ಮದರ್ಶಕದಿಂದ ನೋಡಲೆಂದು, ಮೊಲದ ಕಾಲಿನ ಮೂಳೆಯಲ್ಲಿ ಟೈಟೇನಿಯಂ ಲೋಹದ ಪುಟ್ಟ ಗೂಡೊಂದನ್ನು ಅಳವಡಿಸಿದರು. ಕೆಲಸ ಮುಗಿದ ಬಳಿಕ ಗೂಡನ್ನು ಹೊರತೆಗೆದು ಇನ್ನೊಂದು ಪ್ರಾಣಿಗೆ ಬಳಸುವ ಉದ್ದೇಶ ಅವರದು. ಅದು ಬರಲೊಲ್ಲದು! ಮೂಳೆ ಲೋಹವನ್ನು ನಡುವೆ ನಾರಿಲ್ಲದೆ ನೇರವಾಗಿ ಅಪ್ಪಿ ಹಿಡಿದಿತ್ತು. ತೊಂದರೆಯೆಂದು ಬಗೆದು ಬಿಟ್ಟುಬಿಡಬಹುದಾಗಿದ್ದ ಈ ಸಂಗತಿಯನ್ನು ಅವರು ವರ್ಷಗಟ್ಟಲೆ ಬೆಂಬತ್ತಿದರು. ಗೋಥೆನ್‌ಬರ್ಗ್ ನಗರದಲ್ಲಿ 1965ರಲ್ಲಿ, ಹುಟ್ಟಿನಿಂದಲೇ ದವಡೆಯ ವಿಕೃತಿಯಿದ್ದ ಒಬ್ಬ ಮನುಷ್ಯನಿಗೆ ಮೊದಲ ಬಾರಿ ಟೈಟೇನಿಯಂ ಬೇರುಗಳನ್ನು ನೆಟ್ಟರು. ಆತ ನಲವತ್ತು ವರ್ಷಕ್ಕೂ ಮೇಲ್ಪಟ್ಟು, ಅಂದರೆ 2006ರಲ್ಲಿ ತೀರಿಕೊಳ್ಳುವವರೆಗೂ, ಅವುಗಳ ಆಧಾರದ ಹಲ್ಲುಗಳಿಂದಲೇ ಊಟ ಮಾಡಿದ. ಇಷ್ಟಾದರೂ ಸಹೋದ್ಯೋಗಿಗಳು ಸುಲಭವಾಗಿ ನಂಬಲಿಲ್ಲ. 1982ರಲ್ಲಿ ಕೆನಡದ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ತರುವಾಯವೇ ಈ ವಿಧಾನ ಅಮೆರಿಕ ಖಂಡದಲ್ಲಿ ಬೇರೂರಿತು.

ಟೈಟೇನಿಯಮ್ಮಿನ ಹಿರಿಮೆಯೆಲ್ಲ ಅದರ ತುಕ್ಕಿನಲ್ಲಿದೆ ಎಂದರೆ ಓದುಗರು ನಕ್ಕಾರು. ಕಬ್ಬಿಣದ ತುಕ್ಕು ಪುಡಿಯಾಗಿ ಉದುರಿ ಒಳಗಿನ ಲೋಹವನ್ನು ಮತ್ತೆ ಗಾಳಿಗೊಡ್ಡುತ್ತದೆ. ಟೈಟೇನಿಯಂ ಹಾಗಲ್ಲ, ಗಾಳಿ ಸೋಕಿದ ಕೂಡಲೇ ಆಮ್ಲಜನಕದೊಡನೆ ಸೇರಿ, ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು ತೆಳುವಾದ ಬಿಗಿ ಪೊರೆಯನ್ನು ಹೊದ್ದುಕೊಳ್ಳುತ್ತದೆ. ಗೀರಿದರೆ ಪೊರೆ ಕ್ಷಣಾರ್ಧದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಮೂಳೆಯ ಜೀವಕೋಶಗಳು ಮುಟ್ಟುವುದು ಲೋಹವನ್ನಲ್ಲ, ಈ ಜಡವಾದ ಪೊರೆಯನ್ನು. ಅದರ ವಿರುದ್ಧ ಅವು ಸಿಡಿದೇಳುವುದಿಲ್ಲ. ಈ ಲೋಹದ ಅದುರಾದ ಇಲ್ಮನೈಟ್, ನೆರೆಯ ಕೇರಳದ ಚವರ ಕಡಲತೀರದ ಕರಿಮರಳಿನಲ್ಲಿ ಹೇರಳವಾಗಿದೆ.

ಇನ್ನು ರೋಗಿಯ ಅನುಭವಕ್ಕೆ ಬರೋಣ. ವೈದ್ಯರು ಮೊದಲು ಉಳಿದ ಹಲ್ಲುಗಳ ಹುಳುಕನ್ನೂ ವಸಡಿನ ರೋಗವನ್ನೂ ಗುಣಪಡಿಸುವರು. ಬಳಿಕ ದವಡೆಯ ಮೂರು ಆಯಾಮದ ಕ್ಷ-ಕಿರಣ ಚಿತ್ರ ತೆಗೆಯುವರು. ಕೆಳದವಡೆಯೊಳಗೆ ತುಟಿಗೆ ಸ್ಪರ್ಶಜ್ಞಾನ ಕೊಡುವ ನರವೊಂದು ಹರಿಯುತ್ತದೆ. ಅದಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದಂತೆ ಉಳಿದುಬಿಡಬಹುದು. ಮೇಲ್ದವಡೆಯ ಹಿಂಭಾಗದಲ್ಲಿ ಗಾಳಿ ತುಂಬಿದ ಪೊಟರೆಯಿದೆ. ಮೂಳೆ ಸಾಲದಿದ್ದರೆ ಬೇರೆಡೆಯಿಂದ ತಂದ ಮೂಳೆಯನ್ನೋ ತತ್ಸಮಾನ ಪದಾರ್ಥವನ್ನೋ ತುಂಬಿ, ಅದು ಗಟ್ಟಿಯಾಗಲು ಇನ್ನೂ ಕೆಲವು ತಿಂಗಳು ಕಾಯಬೇಕಾದೀತು. ತಿರುಪು ಸುಮಾರು ನಾಲ್ಕು ಮಿಲಿಮೀಟರು ದಪ್ಪ, ಹತ್ತು ಮಿಲಿಮೀಟರು ಉದ್ದ.

ಶಸ್ತ್ರಕ್ರಿಯೆಗೆ ಆ ಭಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು. ರೋಗಿಗೆ ಒತ್ತಡ, ಅದುರು, ಸದ್ದು ತಿಳಿಯುತ್ತವೆ, ನೋವು ತಿಳಿಯುವುದಿಲ್ಲ. ರಂಧ್ರವನ್ನು ಒಂದೇ ಸಲಕ್ಕೆ ಕೊರೆಯದೆ ಕಿರಿದರಿಂದ ಹಿರಿದಕ್ಕೆ ಹಲವು ಬೈರಿಗೆಗಳಿಂದ, ಉಪ್ಪುನೀರನ್ನು ಸುರಿಯುತ್ತ ಕೊರೆಯುವರು. ಕಾರಣವಿಷ್ಟೇ: ಮೂಳೆ 47 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ನಿಮಿಷವಿದ್ದರೆ ಸಾಕು, ಅದಕ್ಕೆ ಹಾನಿ ತಪ್ಪದು. ಸ್ನಾನದ ಬಿಸಿನೀರಿಗಿಂತ ಅದು ಅಷ್ಟೇನೂ ಹೆಚ್ಚಲ್ಲ! ಸತ್ತ ಮೂಳೆ ತಿರುಪನ್ನು ಹಿಡಿಯಲಾರದು. ಮುಂದಿನ ಎರಡು ಮೂರು ದಿನ ಊತ, ಸ್ವಲ್ಪ ನೋವು. ಒಂದು ವಾರ ಹತ್ತು ದಿನದಲ್ಲಿ ಹೊಲಿಗೆ ಬಿಚ್ಚುವರು. ಹಲ್ಲು ಕೀಳಿಸಿಕೊಂಡದ್ದಕ್ಕಿಂತ ಇದೇ ಸುಲಭವಾಗಿತ್ತೆಂದು ಹೇಳುವವರುಂಟು.

ಈಗ ಕಾಯುವ ಕಾಲ. ನೆಟ್ಟ ದಿನವೂ ತಿರುಪು ಗಟ್ಟಿಯಾಗಿಯೇ ಇರುತ್ತದೆ. ಆದರೆ ಅದು ಮರದ ಹಲಗೆಯಲ್ಲಿ ಬಿಗಿದ ತಿರುಪುಮೊಳೆಯ ಗಟ್ಟಿತನ. ರಂಧ್ರ ಕೊಂಚ ಕಿರಿದಾಗಿರುವುದರಿಂದ ಸುತ್ತಣ ಮೂಳೆ ಅದನ್ನು ಒತ್ತಿ ಹಿಡಿದಿದೆ, ಅಷ್ಟೆ. ಮೂಳೆಯಾದರೋ ಸಜೀವ ವಸ್ತು. ಗಾಯಗೊಂಡ ಅಂಚನ್ನು ಅದು ಹಾಗೆಯೇ ಉಳಿಯಗೊಡುವುದಿಲ್ಲ. ಮೂಳೆಯನ್ನು ಕರಗಿಸುವ ಜೀವಕೋಶಗಳು ಮೊದಲು ಬಂದು ಆ ಅಂಚನ್ನು ತೆಗೆದುಹಾಕುತ್ತವೆ. ಅವುಗಳ ಬೆನ್ನಿಗೆ ಮೂಳೆ ಕಟ್ಟುವ ಕೋಶಗಳು ಬಂದು ಲೋಹದ ಮೈಮೇಲೆ ಹೊಸ ಮೂಳೆಯನ್ನು ನೇಯತೊಡಗುತ್ತವೆ. ಹಳೆಯ ಹಿಡಿತ ಸಡಿಲುತ್ತಿರುವಾಗ ಹೊಸ ಹಿಡಿತ ಇನ್ನೂ ಬಲಿತಿರುವುದಿಲ್ಲ. ಹೀಗಾಗಿ ಮೂರನೆಯ, ನಾಲ್ಕನೆಯ ವಾರದ ಸುಮಾರಿಗೆ ತಿರುಪು ನೆಟ್ಟ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ರೋಗಿಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಊತವಿಳಿದು, ಹೊಲಿಗೆ ಬಿಚ್ಚಿ, ನೋವು ಮರೆತುಹೋಗಿ, ಚಕ್ಕುಲಿ ಕಡಿಯುವ ಧೈರ್ಯ ಬರುವುದು ಸರಿಯಾಗಿ ಆ ವೇಳೆಗೇ! ತಿರುಪು ಮಿಲಿಮೀಟರಿನ ಸುಮಾರು ಹತ್ತನೆಯ ಒಂದು ಭಾಗವನ್ನು ಮೀರಿ ಪದೇ ಪದೇ ಅಲುಗಿದರೆ, ಕೋಶಗಳು ಮೂಳೆಯ ಬದಲು ನಾರನ್ನು ನೇಯುತ್ತವೆ. ಹಳೆಯ ವೈದ್ಯರು ಕಂಡ ಸೋಲು ಮರುಕಳಿಸುತ್ತದೆ. ಅದಕ್ಕೆ ಆ ಪಕ್ಕದಲ್ಲಿ ಅಗಿಯಬಾರದೆಂಬ ಕಟ್ಟಳೆ. ಬ್ರೋನೆಮಾರ್ಕರು ದಟ್ಟಮೂಳೆಯ ಕೆಳದವಡೆಗೆ ಮೂರು ತಿಂಗಳು, ಮೆದುಮೂಳೆಯ ಮೇಲ್ದವಡೆಗೆ ಆರು ತಿಂಗಳು ಗೊತ್ತುಮಾಡಿದ್ದರು. ಈಚೆಗೆ ತಿರುಪಿನ ಮೈಯನ್ನು ಆಮ್ಲದಿಂದ ತರಿತರಿಯಾಗಿಸುವುದರಿಂದ ಅವಧಿ ಗಣನೀಯವಾಗಿ ಕಡಮೆಯಾಗಿದೆ. ಒಂದೇ ದಿನದಲ್ಲಿ ಹಲ್ಲು ಎಂಬ ಜಾಹೀರಾತುಗಳು ಪೂರ್ತಿ ಸುಳ್ಳೇನಲ್ಲ. ಆದರೆ ಅಂದು ಕೂರಿಸುವುದು ಸಾಮಾನ್ಯವಾಗಿ ತಾತ್ಕಾಲಿಕ ಹಲ್ಲು. ಒಂಟಿ ಹಲ್ಲಾದರೆ ಅದು ಎದುರು ಹಲ್ಲಿಗೆ ತಾಗದಂತೆ ತಗ್ಗಿಸಿರುತ್ತಾರೆ. ಜಾಹೀರಾತು ಅಷ್ಟನ್ನು ಹೇಳುವುದಿಲ್ಲ.

ಮೂಳೆ ಕೂಡಿದ ಮೇಲೆ ತಿರುಪಿಗೆ ಒಂದು ಕುತ್ತಿಗೆಯನ್ನು ಜೋಡಿಸಿ, ಅಚ್ಚು ತೆಗೆದು, ಪಿಂಗಾಣಿಯ ಹಲ್ಲನ್ನು ಕೂರಿಸುವರು. ಅದು ನೋಡಲು ಸಹಜ, ಅಗಿಯಲು ಬಲಿಷ್ಠ. ಆದರೆ ನಾರುಪೊರೆಯಿಲ್ಲದ ಕಾರಣ ಅದಕ್ಕೆ ಅನ್ನದ ಕಲ್ಲನ್ನು ಗುರುತಿಸುವ ಸೂಕ್ಷ್ಮವಿಲ್ಲ. ಹುಳುಕು ಹಿಡಿಯದಾದರೂ ಸುತ್ತಣ ವಸಡಿಗೆ ರೋಗ ಬರಬಲ್ಲುದು. ದಿನವೂ ಉಜ್ಜಬೇಕು, ವರ್ಷಕ್ಕೊಮ್ಮೆಯಾದರೂ ತೋರಿಸಬೇಕು. ಹತ್ತು ವರ್ಷಗಳ ತರುವಾಯವೂ ನೂರಕ್ಕೆ 90ಕ್ಕಿಂತ ಹೆಚ್ಚು ಬೇರುಗಳು ಉಳಿದಿರುತ್ತವೆ. ಧೂಮಪಾನಿಗಳಲ್ಲಿ, ಮಧುಮೇಹವನ್ನು ಹತೋಟಿಯಲ್ಲಿಡದವರಲ್ಲಿ ಸೋಲು ಹೆಚ್ಚು. ಅಡಿಕೆ ಬೆಳೆಯುವ ನಮ್ಮ ನಾಡಿನಲ್ಲಿ ಇನ್ನೊಂದು ಅಡ್ಡಿಯುಂಟು. ಅಡಿಕೆ, ಗುಟ್ಕಗಳನ್ನು ಸದಾ ಅಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಬೈರಿಗೆ ಒಳಹೋಗಲು ಎಡೆಯೇ ಇರುವುದಿಲ್ಲ.

ವಿದ್ಯಾರ್ಥಿಗಳು ತಿಳಿಯಬೇಕಾದದ್ದು ಇನ್ನೊಂದಿದೆ. ಹದಿನಾಲ್ಕರ ಹುಡುಗನಿಗೆ ಕ್ರಿಕೆಟ್ ಚೆಂಡು ತಗುಲಿ ಮುಂದಲ ಹಲ್ಲು ಹೋಯಿತೆನ್ನೋಣ. ಅವನಿಗೆ ತಿರುಪು ನೆಡುವಂತಿಲ್ಲ. ದವಡೆ ಬೆಳೆದಂತೆಲ್ಲ ನೆರೆಯ ಹಲ್ಲುಗಳು ಅದರೊಡನೆ ಕೆಳಸರಿಯುತ್ತವೆ. ಮೂಳೆಗೆ ಬೆಸೆದ ತಿರುಪು ಇದ್ದಲ್ಲೇ ಉಳಿದು, ಹಲ್ಲು ವರ್ಷವರ್ಷಕ್ಕೂ ಮೋಟಾಗಿ ಕಾಣುತ್ತದೆ. ಬೆಳವಣಿಗೆ ಮುಗಿಯುವವರೆಗೆ, ಎಂದರೆ ಹದಿನೆಂಟು ಇಪ್ಪತ್ತರವರೆಗೆ, ತಾತ್ಕಾಲಿಕ ಹಲ್ಲೇ ಗತಿ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಬಿದ್ದ ಹಲ್ಲನ್ನೇ ಉಳಿಸಿಕೊಳ್ಳುವುದು. ಅದನ್ನು ಮೇಲ್ತುದಿಯಲ್ಲಿ ಹಿಡಿದೆತ್ತಿ, ಬೇರನ್ನು ಉಜ್ಜದೆ ಮೆಲ್ಲಗೆ ತೊಳೆದು, ಕೂಡಲೇ ಗುಳಿಗೆ ತಿರುಗಿ ಕೂರಿಸಬೇಕು; ಆಗದಿದ್ದರೆ ಹಾಲಿನಲ್ಲಿಟ್ಟು ಅರ್ಧ ಗಂಟೆಯೊಳಗೆ ದಂತವೈದ್ಯರ ಬಳಿ ಸೇರಬೇಕು. ಬೇರಿಗಂಟಿದ ನಾರುಪೊರೆಯ ಕೋಶಗಳು ಒಣ ಕರವಸ್ತ್ರದಲ್ಲಿ ಒಂದು ಗಂಟೆಯೊಳಗೆ ಸಾಯುತ್ತವೆ, ತಣ್ಣನೆಯ ಹಾಲಿನಲ್ಲಿ ಹೆಚ್ಚು ಕಾಲ ಬದುಕಿರುತ್ತವೆ. ಬಿದ್ದದ್ದು ಹಾಲುಹಲ್ಲಾದರೆ ಮಾತ್ರ ಹಾಗೆ ತಿರುಗಿ ಕೂರಿಸಲಾಗದು. ಅದರ ಹಿಂದೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೆ ಅದರಿಂದ ಪೆಟ್ಟಾಗಬಹುದು.