ಬೆಂಗಳೂರಿನ ಗುಡುಗು, ಕುಡುಮಲಕುಂಟೆಯ ಕಿವಿ!

'ಕ್ರಿಪ್ಟೋಸ್' ಅಂದ್ರೆ ಹೊಸ ಸಿನಿಮಾ ಅಲ್ಲ ಸ್ವಾಮಿ! 1998ರಲ್ಲಿ ನಮ್ಮ ಬೆಂಗಳೂರಲ್ಲೇ ಹುಟ್ಟಿದ ಮೆಟಲ್ ತಂಡ. ಡೆತ್ ಮೆಟಲ್‌ನವರ ಹಾಗೆ ಗಂಟಲು ಹರಿಯುವ ದನಿ, ಅದರ ಬೆನ್ನಿಗೇ ಇಂಪಾದ ಜೋಡಿ ಗಿಟಾರು. ಕುಡುಮಲಕುಂಟೆಯ ಮನೇಲಿ ಮೊದಲ ಸಲ ಹಾಕಿದಾಗ ಅಮ್ಮ ಬೆಚ್ಚಿದಳು: "ಯಾರಿಗೋ ದೆವ್ವ ಹಿಡ್ಕೊಂಡೈತೆ ಕಣಪ್ಪ!"

ಪಿಯುಸಿ ಬಿಟ್ಟವನಿಗೆ ಆ ಇಂಗ್ಲಿಷ್ ಅರ್ಧ ತಿಳಿಯಲಿಲ್ಲ. ಗಿಟಾರು ಪೂರಾ ತಿಳಿಯಿತು. 2004ರ 'ಸ್ಪೈರಲ್ ಅಸೆಂಟ್' ಸುತ್ತಿ ಬಳಸಿ ಸಾಗುತ್ತೆ, ತಾಳ್ಮೆ ಬೇಕು. 2012ರ 'ದಿ ಕಾಯಿಲ್ಸ್ ಆಫ್ ಅಪೋಲಿಯಾನ್' ಬಂದ ಮರುವರ್ಷ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಏರಿದರು. ಶಭಾಷ್! ಆದರೆ ನನ್ನ ಓಟು 2016ರ 'ಬರ್ನ್ ಅಪ್ ದ ನೈಟ್'ಗೆ. ನೇರಾನೇರ ಹೊಡೆತ! ಗೌರಿಬಿದನೂರು ಬಸ್ಸಿಗೆ ಹೇಳಿ ಮಾಡಿಸಿದ್ದು.

"ಇದೂ ಒಂದು ಹಾಡೇನೋ?" ಅಂತ ಗೆಳೆಯ ಮುನಿಸಿಕೊಂಡು ಸೀಟು ಬದಲಾಯಿಸಿದ್ದ. ಮೂರನೇ ದಿನ ಪಕ್ಕಕ್ಕೆ ಬಂದು ಕೂತ: "ಆ ಗಿಟಾರಿಂದು ಇನ್ನೊಂದ್ಸಲ ಹಾಕೋ."