ಕರುಳಿನ ಶುದ್ಧಿಯೂ ರಕ್ತದ ಒತ್ತಡವೂ

ದೊಡ್ಡ ಕರುಳಿನ ಒಳಭಾಗವನ್ನು ನಳಿಗೆಯ ಮೂಲಕ ನೋಡುವ ಕೊಲೊನೊಸ್ಕೋಪಿ ಪರೀಕ್ಷೆಯ ಹೆಸರನ್ನು ಶ್ರೋತೃಗಳಲ್ಲಿ ಅನೇಕರು ಕೇಳಿರಬಹುದು. ಮಂಚೇನಹಳ್ಳಿಯ ಹಿರಿಯರೊಬ್ಬರಿಗೆ ಬೆಂಗಳೂರಿನಲ್ಲಿ ಈ ಪರೀಕ್ಷೆ ಗೊತ್ತಾಗಿದೆಯೆಂದು ಭಾವಿಸೋಣ. ಅವರಿಗೆ ಬಹುಕಾಲದಿಂದ ರಕ್ತದ ಒತ್ತಡವುಂಟು. ಪರೀಕ್ಷೆಗೆ ಮುಂಚೆ ಔಷಧಿ ಕುಡಿದು ಕರುಳನ್ನು ತೊಳೆದುಕೊಳ್ಳಬೇಕು. ಆಗ ಒತ್ತಡದ ಮಾತ್ರೆಗಳನ್ನು ನುಂಗಬೇಕೆ, ಬಿಡಬೇಕೆ? ಎಲ್ಲವನ್ನೂ ಬಿಡುವವರುಂಟು, ಎಲ್ಲವನ್ನೂ ನುಂಗುವವರುಂಟು. ಎರಡರಲ್ಲಿಯೂ ಅಪಾಯವಿದೆ.

ನಮ್ಮ ಸೀಮೆಯ ಕೆರೆಯನ್ನು ನೆನೆಯಿರಿ. ಮಳೆಯಿಲ್ಲದ ವರ್ಷದಲ್ಲಿ ಒಂದು ತೂಬನ್ನು ತೆರೆದರೇ ನೀರು ತಳಕ್ಕಿಳಿಯುವುದು. ಎರಡನ್ನೂ ತೆರೆದರೆ ಹೇಳುವುದೇನು? ಭೇದಿಯ ಔಷಧಿ ಒಂದು ತೂಬು. ಮೂತ್ರವನ್ನು ಹೆಚ್ಚಿಸಿ ಒತ್ತಡವನ್ನು ತಗ್ಗಿಸುವ ಮಾತ್ರೆ ಇನ್ನೊಂದು. ನೀರೂ ಲವಣವೂ ಕುಂದಿದಾಗ, ರಾತ್ರಿ ಬಚ್ಚಲಿಗೆಂದು ಎದ್ದವರು ತಲೆ ಸುತ್ತಿ ಬೀಳಬಹುದು. ಆದುದರಿಂದ ಅಂಥ ಮಾತ್ರೆಯನ್ನು ಆ ಹೊತ್ತಿಗೆ ನಿಲ್ಲಿಸುವಂತೆ ವೈದ್ಯರು ಹೇಳುವುದುಂಟು. ಎನಲಾಪ್ರಿಲ್, ಟೆಲ್ಮಿಸಾರ್ಟಾನ್ ಮೊದಲಾದವು ನೀರು ಕಡಮೆಯಾದಾಗ ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದಾದುದರಿಂದ ಅವುಗಳ ವಿಷಯವನ್ನೂ ಕೇಳಿಯೇ ತಿಳಿಯಬೇಕು. ಆದರೆ ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೊನಿಡೀನ್ ಇವುಗಳ ರೀತಿಯೇ ಬೇರೆ. ಇವನ್ನು ಹಠಾತ್ತನೆ ಬಿಟ್ಟರೆ ಎದೆಬಡಿತವೂ ಒತ್ತಡವೂ ಏರಬಹುದು. ಪರೀಕ್ಷೆಯ ಬೆಳಗ್ಗೆಯೂ ಒಂದು ಗುಟುಕು ನೀರಿನೊಡನೆ ನುಂಗುವುದೇ ಸಾಮಾನ್ಯ ಕ್ರಮ.

ತೊಳೆಯುವ ಔಷಧಿಗಳೂ ಒಂದೇ ಬಗೆಯವಲ್ಲ. ಸೋಡಿಯಂ ಫಾಸ್ಫೇಟ್ ಎಂಬ ಲವಣದಿಂದ ಮೂತ್ರಪಿಂಡಕ್ಕೆ ತೀವ್ರವಾದ ಹಾನಿಯಾಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2008ರ ಡಿಸೆಂಬರಿನಲ್ಲಿ ಎಚ್ಚರಿಸಿತು. 55 ವರ್ಷ ದಾಟಿದವರು, ಮೂತ್ರಪಿಂಡದ ರೋಗವುಳ್ಳವರು, ಮೇಲೆ ಹೇಳಿದ ಮೂತ್ರದ ಮಾತ್ರೆಯನ್ನಾಗಲಿ ಎನಲಾಪ್ರಿಲ್, ಟೆಲ್ಮಿಸಾರ್ಟಾನ್ ವರ್ಗದವನ್ನಾಗಲಿ ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಯನ್ನಾಗಲಿ ನುಂಗುವವರು ವಿಶೇಷವಾಗಿ ಜಾಗರೂಕರಾಗಿರಬೇಕು. ಪಾಲಿಎಥಿಲೀನ್ ಗ್ಲೈಕಾಲನ್ನು ಸಮತೂಕದ ಲವಣಗಳೊಡನೆ ನೀರಿನಲ್ಲಿ ಕದಡಿದ ಔಷಧಿಯು ಬಹುಮಟ್ಟಿಗೆ ರಕ್ತಕ್ಕೆ ಸೇರದೆ ಕರುಳಿನಿಂದಲೇ ಹೊರಹೋಗುವುದು. ಹೀಗಾಗಿ ಒತ್ತಡವುಳ್ಳವರಿಗೆ ಸಾಮಾನ್ಯವಾಗಿ ಇದೇ ಮೇಲು. ಹಿಂದಿನ ಸಂಜೆ ಅರ್ಧವನ್ನೂ ಪರೀಕ್ಷೆಯ ದಿನ ಹೇಳಿದ ವೇಳೆಗೆ ಉಳಿದರ್ಧವನ್ನೂ ಕುಡಿದರೆ ಕರುಳು ಹೆಚ್ಚು ನಿರ್ಮಲವಾಗುವುದು. ಇದರ ಮೇಲೆ ಮನೆಯ ಹರಳೆಣ್ಣೆಯನ್ನು ಸೇರಿಸಬೇಡಿ.

ಹಿಂದಿನ ದಿನ ಮುದ್ದೆ, ಸೊಪ್ಪುಗಳನ್ನು ಬಿಟ್ಟು, ಸೋಸಿದ ನಿಂಬೆಯ ಪಾನಕ, ಹಾಲಿಲ್ಲದ ಚಹಾ ಮೊದಲಾದ ತಿಳಿ ಪಾನೀಯಗಳನ್ನು ಕುಡಿಯಬಹುದು. ಹೃದಯ ಅಥವಾ ಮೂತ್ರಪಿಂಡ ದುರ್ಬಲವಾದವರಿಗೆ ಅಳತೆಯನ್ನು ವೈದ್ಯರೇ ಗೊತ್ತುಮಾಡಬೇಕು. ರಾತ್ರಿ ಬಚ್ಚಲಿನ ದೀಪ ಉರಿಯುತ್ತಿರಲಿ, ಮನೆಯವರೊಬ್ಬರು ಹತ್ತಿರವಿರಲಿ. ಎಚ್ಚರ ತಪ್ಪಿದರೆ, ಎದೆ ನೋಯ್ದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟು ಹೇಳಿದುದು ಪರೀಕ್ಷೆಗೆ ಹೆದರಿ ಹಿಂಜರಿಯಲೆಂದಲ್ಲ. ಕರುಳಿನ ಅರ್ಬುದವನ್ನು ಮೊದಲೇ ಕಂಡುಹಿಡಿಯಲು ಇದು ಉತ್ತಮ ಸಾಧನ. ಪರೀಕ್ಷೆಗೆ ಒಂದು ವಾರ ಮೊದಲೇ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ವೈದ್ಯರ ಮುಂದಿಡಿ. ನುಂಗಬೇಕಾದುದು ಯಾವುದು, ಬಿಡಬೇಕಾದುದು ಯಾವುದು, ಮತ್ತೆ ಎಂದು ಆರಂಭಿಸಬೇಕು ಎಂಬ ಮೂರು ಮಾತುಗಳನ್ನು ಕಾಗದದಲ್ಲಿ ಬರೆಯಿಸಿಕೊಳ್ಳಿ. ಆ ಕಾಗದದೊಡನೆ ಊರಿಗೆ ಮರಳಿದವರು ಪರೀಕ್ಷೆಯ ಹಿಂದಿನ ರಾತ್ರಿಯನ್ನು ಊಹೆಯ ಮೇಲೆ ಕಳೆಯಬೇಕಾಗಿಲ್ಲ.