ಭಾನುವಾರ ಬೆಂದ ಸ್ಟೇಕ್, ಬುಧವಾರದ ಊಟ

ಸ್ಟೇಕ್ ಕಾಯುವ ಅಡುಗೆಯಲ್ಲ. ಬಾಣಲೆಯಿಂದ ಇಳಿದ ಹತ್ತು ನಿಮಿಷದೊಳಗೆ ತಟ್ಟೆಗೆ ಬರಬೇಕು, ಬಂದದ್ದು ಆರುವ ಮೊದಲೇ ಬಾಯಿಗೆ ಹೋಗಬೇಕು. ಬ್ರೂಕ್ಲಿನ್‌ನಲ್ಲಿ 1887ರಲ್ಲಿ ಶುರುವಾದ ಪೀಟರ್ ಲೂಗರ್ ಹೋಟೆಲಿನಲ್ಲಿ ಮಾಂಸವನ್ನು ತಂದಿಡುವುದು ಬೆಣ್ಣೆ ಚುರುಗುಡುವ ಬಿಸಿ ತಟ್ಟೆಯ ಮೇಲೆ. ಅಂಥ ಪದಾರ್ಥವನ್ನು ಭಾನುವಾರ ಮಧ್ಯಾಹ್ನವೇ ಬೇಯಿಸಿ, ಓವನ್ನಿನಲ್ಲಿ ಸುಟ್ಟ ತರಕಾರಿಯ ಜೊತೆ ಡಬ್ಬಿಗೆ ತುಂಬಿ, ಫ್ರಿಜ್ಜಿನಲ್ಲಿಟ್ಟು ವಾರದ ನಡುವೆ ಉಣ್ಣುವ ರೂಢಿ ಅಮೆರಿಕದ ಎಷ್ಟೋ ಮನೆಗಳಲ್ಲಿ ಬೇರೂರಿದೆ. ‘ಮೀಲ್ ಪ್ರೆಪ್’ ಎಂದು ಅದಕ್ಕೆ ಹೆಸರು. ಕೆಲಸದಿಂದ ದಣಿದು ಬಂದ ಸಂಜೆ ಒಲೆ ಹಚ್ಚುವ ಗೋಜಿಲ್ಲ, ಹೊರಗಿನ ಊಟದ ಖರ್ಚಿಲ್ಲ, ಪ್ರೋಟೀನ್ ಎಷ್ಟು ಸಿಕ್ಕಿತು ಎಂಬ ಲೆಕ್ಕವೂ ಕೈಯಲ್ಲೇ ಇರುತ್ತದೆ.

ಆದರೆ ಈ ಡಬ್ಬಿಯೂಟಕ್ಕಾಗಿ ಬರೆದ ಬಹುಪಾಲು ಪಾಕವಿಧಾನಗಳು ಭಾನುವಾರದ ನಾಲಿಗೆಯನ್ನಷ್ಟೇ ನೆನೆದು ಬರೆದವು. ಮಾಂಸ ಮೂರನೆಯ ದಿನ ಹೇಗಿರುತ್ತದೆ ಎಂಬುದು ಅಲ್ಲಿ ಪ್ರಶ್ನೆಯಾಗಿ ಏಳುವುದೇ ಇಲ್ಲ. ಹಾಗಾಗಿ ಬುಧವಾರದ ಹೊತ್ತಿಗೆ ಮಾಂಸ ತೊಗಲಿನಂತೆ ಬಿಗಿದಿರುತ್ತದೆ, ಬ್ರೊಕೊಲಿ ಮೆತ್ತಗಾಗಿರುತ್ತದೆ, ಡಬ್ಬಿ ಅರ್ಧಕ್ಕೇ ಮುಚ್ಚಿಹೋಗುತ್ತದೆ. ಈ ಅಡುಗೆಯನ್ನು ಬುಧವಾರದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಮಾಡಬೇಕು. ಯಾವ ತುಂಡು ಕೊಳ್ಳಬೇಕು, ಎಷ್ಟು ಬೇಯಿಸಬೇಕು, ಯಾವಾಗ ಕತ್ತರಿಸಬೇಕು ಎಂಬುದೆಲ್ಲ ಆಗ ಬದಲಾಗುತ್ತದೆ.

ಈ ರೂಢಿಗೆ ಎರಡು ಬೇರುಗಳಿವೆ. ಒಂದು ವ್ಯಾಯಾಮ ಶಾಲೆಯದು. 1948ರಲ್ಲಿ ನಾರ್ತ್ ಹಾಲಿವುಡ್‌ನಲ್ಲಿ ಜಿಮ್ ತೆರೆದ ವಿನ್ಸ್ ಜಿರೊಂಡಾ ತನ್ನ ಶಿಷ್ಯರಿಗೆ ಸ್ಟೇಕ್ ಮತ್ತು ಮೊಟ್ಟೆಯ ಪಥ್ಯ ಹೇಳಿಕೊಟ್ಟು ಹೆಸರಾದ. ಮೈ ಹುರಿಗಟ್ಟಬೇಕೆನ್ನುವವರು ಮಾಂಸವನ್ನು ತೂಕ ಹಾಕಿ ತಿನ್ನುವ ಅಭ್ಯಾಸ ಇಂಥ ಅಖಾಡಗಳಲ್ಲಿ ಬೆಳೆದದ್ದು. ಇನ್ನೊಂದು ಬೇರು ಅಡುಗೆಮನೆಯ ಯಂತ್ರಗಳದ್ದು. ಸ್ವಾನ್ಸನ್ ಕಂಪನಿ 1954ರ ಸುಮಾರಿಗೆ ಅಲ್ಯೂಮಿನಿಯಂ ತಟ್ಟೆಯಲ್ಲಿ ಖಾನೆ ಖಾನೆಯಾಗಿ ಜೋಡಿಸಿದ ಹಿಮಗಟ್ಟಿದ ಊಟವನ್ನು ಮನೆಮಾತು ಮಾಡಿತು. 1967ರಲ್ಲಿ ಅಮಾನಾ ಕಂಪನಿಯ ರಾಡಾರೇಂಜ್ ಬಂದ ಮೇಲೆ ಮೈಕ್ರೋವೇವ್ ಒಲೆ ಅಡುಗೆ ಕಟ್ಟೆಯ ಮೇಲೆ ಕೂರುವಷ್ಟು ಚಿಕ್ಕದಾಯಿತು. ಇವತ್ತಿನ ಮೀಲ್ ಪ್ರೆಪ್ ಡಬ್ಬಿ ಈ ಎರಡೂ ಬೇರುಗಳ ಫಲ.

ಮೊದಲ ತೀರ್ಮಾನ ಆಗುವುದು ಮಾಂಸದಂಗಡಿಯಲ್ಲಿ. ಮಾಂಸದ ನಡುವೆಯೆಲ್ಲ ಬಿಳಿ ಕೊಬ್ಬಿನ ಗೆರೆ ಹಾಯ್ದಿರುವ ರಿಬ್‌ಐ ತುಂಡು ಎಲ್ಲರ ಅಚ್ಚುಮೆಚ್ಚು, ಬಿಸಿಬಿಸಿಯಾಗಿ ತಿನ್ನುವಾಗ ಅದಕ್ಕೆ ಎಣೆಯೂ ಇಲ್ಲ. ಡಬ್ಬಿಗೆ ಮಾತ್ರ ಅದು ಸಲ್ಲದು. ದನದ ಕೊಬ್ಬು ತಣಿದರೆ ಮೇಣದಂತೆ ಗಟ್ಟಿಯಾಗಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ಡಬ್ಬಿಗೆ ತಕ್ಕದ್ದು ಸೊಂಟದ ಹಿಂಭಾಗದ ಟಾಪ್ ಸರ್ಲಾಯ್ನ್ ಅಥವಾ ಹೊಟ್ಟೆಯ ಕೆಳಭಾಗದ ಫ್ಲ್ಯಾಂಕ್. ಎರಡರಲ್ಲೂ ಕೊಬ್ಬು ಕಡಿಮೆ, ಬೆಲೆಯೂ ರಿಬ್‌ಐಗಿಂತ ಕಡಿಮೆ. ಕೊಬ್ಬು ತೆಗೆದ ಸರ್ಲಾಯ್ನ್ ಬೆಂದ ಮೇಲೆ 100 ಗ್ರಾಂಗೆ ಸುಮಾರು 29 ಗ್ರಾಂ ಪ್ರೋಟೀನ್ ಕೊಡುತ್ತದೆ. ಬೇಯುವಾಗ ಮಾಂಸ ತನ್ನ ತೂಕದ ಕಾಲು ಭಾಗದಷ್ಟು ನೀರನ್ನು ಕಳೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ 525 ಗ್ರಾಂ ಹಸಿ ಮಾಂಸ ಕೊಂಡರೆ ಬೆಂದ ಮೇಲೆ ಉಳಿಯುವುದು 390 ಗ್ರಾಂ, ಅಂದರೆ 130 ಗ್ರಾಂನ ಮೂರು ಪಾಲು. ಒಂದೊಂದು ಪಾಲಿನಲ್ಲೂ 37 ಗ್ರಾಂ ಆಸುಪಾಸು ಪ್ರೋಟೀನ್.

ಮೂರೇ ಪಾಲು ಏಕೆ ಎಂಬುದಕ್ಕೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಕೆಂಪು ಮಾಂಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು. ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್ ಕೆಂಪು ಮಾಂಸಕ್ಕೆ ಹಾಕಿರುವ ಮಿತಿ ವಾರಕ್ಕೆ ಸುಮಾರು ಮೂರು ಹೊತ್ತು, ಬೆಂದ ತೂಕದಲ್ಲಿ 350ರಿಂದ 500 ಗ್ರಾಂ. ಬೆಂದ ಮಾಂಸ ಫ್ರಿಜ್ಜಿನಲ್ಲಿ ನಿಶ್ಚಿಂತೆಯಿಂದ ಉಳಿಯುವುದೂ ಮೂರು-ನಾಲ್ಕು ದಿನ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಆರೋಗ್ಯದ ಮಿತಿಯೂ ಫ್ರಿಜ್ಜಿನ ಮಿತಿಯೂ ಬುಧವಾರದ ಹತ್ತಿರವೇ ಬಂದು ನಿಲ್ಲುತ್ತವೆ. ವಾರದ ಐದೂ ದಿನಕ್ಕೆ ಐದು ಸ್ಟೇಕ್ ಡಬ್ಬಿ ಸಾಲಾಗಿ ಜೋಡಿಸಿಟ್ಟ ಚಿತ್ರ ನೋಡಲು ಅಚ್ಚುಕಟ್ಟಾಗಿರಬಹುದು, ಅನುಸರಿಸಲು ತಕ್ಕದ್ದಲ್ಲ.

ಇನ್ನು ಬೆಂಕಿಯ ವಿಚಾರ. ಮಾಂಸವನ್ನು ಮೊದಲು ಜೋರು ಉರಿಯಲ್ಲಿ ಕೆಂಪಗೆ ಮಾಡಿಬಿಟ್ಟರೆ ಒಳಗಿನ ರಸ ಹೊರಬಾರದಂತೆ ಮುಚ್ಚಿಕೊಳ್ಳುತ್ತದೆ ಎಂಬ ನಂಬಿಕೆ ಇಂದಿಗೂ ಜೀವಂತ. ಇದನ್ನು ಹರಡಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್, 1840ರ ದಶಕದಲ್ಲಿ. ದೊಡ್ಡವನ ಮಾತೆಂದು ಬಾಣಸಿಗರು ತಲೆಮಾರುಗಳ ಕಾಲ ಅದನ್ನೇ ನಂಬಿಕೊಂಡು ಬಂದರು. 1984ರಲ್ಲಿ ಹೆರಾಲ್ಡ್ ಮೆಗೀ ‘ಆನ್ ಫುಡ್ ಅಂಡ್ ಕುಕಿಂಗ್’ ಪುಸ್ತಕದಲ್ಲಿ ಆ ಮಾತನ್ನು ಅಲ್ಲಗಳೆದ. ಕೆಂಪಗಾದ ಮೇಲ್ಪದರ ನೀರನ್ನು ತಡೆಯುವುದಿಲ್ಲ; ಬಾಣಲೆಯಲ್ಲಿ ಕೇಳುವ ಚುಂಯ್ ಸದ್ದೇ ರಸ ಹೊರಬಂದು ಆವಿಯಾಗುತ್ತಿರುವುದಕ್ಕೆ ಸಾಕ್ಷಿ. ಕೆಂಪಗೆ ಮಾಡುವುದು ರಸಕ್ಕಲ್ಲ, ಪರಿಮಳಕ್ಕೆ. ಅಮೈನೋ ಆಮ್ಲಗಳೂ ಸಕ್ಕರೆಯೂ ಶಾಖದಲ್ಲಿ ಕೂಡಿ ಕಂದು ಬಣ್ಣ ತಳೆಯುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ವಿವರಿಸಿದ, ಇಂದಿಗೂ ಆ ಕ್ರಿಯೆಗೆ ಅವನದೇ ಹೆಸರು. ಅದು ಚುರುಕಾಗುವುದು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಮೇಲ್ಮೈಯಲ್ಲಿ ನೀರಿರುವ ತನಕ ಶಾಖ 100 ಡಿಗ್ರಿಗಿಂತ ಮೇಲೇರದು. ಆದ್ದರಿಂದ ಮಾಂಸದ ಮೇಲಿನ ತೇವವನ್ನು ಒರೆಸಿ ತೆಗೆಯುವುದು ಎಲ್ಲ ಮಸಾಲೆಗಿಂತ ದೊಡ್ಡ ಕೆಲಸ.

ಉಪ್ಪು ಸವರಿ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ಮುಚ್ಚದೆ ಇಟ್ಟರೆ ಇನ್ನೂ ಒಳ್ಳೆಯದು. ಉಪ್ಪು ಮೊದಲು ನೀರನ್ನು ಹೊರಗೆಳೆಯುತ್ತದೆ, ಆ ನೀರಿನಲ್ಲೇ ಕರಗಿ ಮತ್ತೆ ಒಳಗಿಳಿಯುತ್ತದೆ, ಮೇಲ್ಮೈ ಒಣಗುತ್ತದೆ. ಅಷ್ಟು ಹೊತ್ತಿಲ್ಲದವರು ಕನಿಷ್ಠ ಮುಕ್ಕಾಲು ಗಂಟೆಯಾದರೂ ಬಿಡಬೇಕು.

ಬುಧವಾರದ ಮಾಂಸಕ್ಕೆ ತಕ್ಕ ದಾರಿ ತಲೆಕೆಳಗಿನದು: ಮೊದಲು ಓವನ್ನಿನ ಸಣ್ಣ ಶಾಖ, ಕೊನೆಗೆ ಬಾಣಲೆಯ ಜೋರು ಉರಿ. ‘ರಿವರ್ಸ್ ಸಿಯರ್’ ಎಂಬ ಈ ಕ್ರಮವನ್ನು ಅಮೆರಿಕದ ಮನೆಗಳಿಗೆ ಮುಟ್ಟಿಸಿದವರಲ್ಲಿ ಜೆ. ಕೆಂಜಿ ಲೋಪೆಜ್ ಆಲ್ಟ್ ಮುಖ್ಯ. 3ರಿಂದ 4 ಸೆಂಟಿಮೀಟರ್ ದಪ್ಪದ ಸರ್ಲಾಯ್ನ್ ತುಂಡನ್ನು ಜಾಲರಿಯ ಮೇಲಿಟ್ಟು 120 ಡಿಗ್ರಿಯ ಓವನ್ನಿಗೆ ಕಳಿಸಿದರೆ ಸುಮಾರು ಅರ್ಧ ಗಂಟೆಯಲ್ಲಿ ಅದರ ನಡುಭಾಗ 55 ಡಿಗ್ರಿಯ ಹತ್ತಿರ ಬರುತ್ತದೆ. ನಿಧಾನವಾಗಿ ಬೆಂದದ್ದರಿಂದ ಅಂಚಿನಿಂದ ನಡುವಿನ ತನಕ ಒಂದೇ ಹದ, ಅಂಚಿನ ಬೂದು ಪಟ್ಟಿ ತೀರ ತೆಳ್ಳಗೆ. ಆಮೇಲೆ ಬೀಡು ಕಬ್ಬಿಣದ ಬಾಣಲೆಯನ್ನು ಹೊಗೆಯಾಡುವಷ್ಟು ಕಾಯಿಸಿ, ಒಂದು ಚಮಚ ಎಣ್ಣೆ ಬಿಟ್ಟು, ಎರಡೂ ಬದಿ ಕೆಂಪಗೆ ಮಾಡಿ, ಒಳಗಿನ ಶಾಖ 63 ಮುಟ್ಟಿದಾಗ ಇಳಿಸಿ, ಕನಿಷ್ಠ ಮೂರು ನಿಮಿಷ ಹಾಗೇ ಬಿಡಬೇಕು. ಇಡಿಯ ದನದ ಮಾಂಸಕ್ಕೆ ಅಮೆರಿಕದ ಕೃಷಿ ಇಲಾಖೆ ಗೊತ್ತುಮಾಡಿದ ಕನಿಷ್ಠ ಮಟ್ಟ ಇದು. ಇದನ್ನು ಕಣ್ಣಂದಾಜಿನಲ್ಲಿ ಮಾಡಲಾಗದು. ಚುಚ್ಚಿ ನೋಡುವ ಥರ್ಮಾಮೀಟರ್ ಇಲ್ಲದೆ ಈ ಅಡುಗೆಗೆ ಕೈ ಹಾಕದಿರುವುದೇ ಒಳಿತು. ಇಳಿಸಿದಾಗ ಒಸರುವ ಕೆಂಪು ನೀರನ್ನು ಕಂಡು ರಕ್ತವೆಂದು ಹಿಂಜರಿಯುವವರಿದ್ದಾರೆ. ಅದು ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನ್ ಬೆರೆತ ನೀರು.

ಮಾಂಸ ಓವನ್ನಿನಲ್ಲಿರುವ ಆ ಅರ್ಧ ಗಂಟೆಯನ್ನು ವ್ಯರ್ಥ ಮಾಡಬಾರದು. ಸುಮಾರು 450 ಗ್ರಾಂ ಸಿಹಿಗೆಣಸನ್ನು ಹೋಳು ಮಾಡಿ, ಎಣ್ಣೆ-ಉಪ್ಪು ಸವರಿ, ಬೇರೆ ಟ್ರೇನಲ್ಲಿ ಅದೇ ಓವನ್ನಿಗೆ ಸೇರಿಸಿದರೆ ಗೆಣಸಿಗೆ ಇದರಿಂದ ಲಾಭವೇ. ಗೆಣಸಿನೊಳಗೆ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುವ ಕಿಣ್ವವಿದೆ. ಅದು ಹುರುಪಿನಿಂದ ಕೆಲಸ ಮಾಡುವುದು 60ರಿಂದ 75 ಡಿಗ್ರಿಯ ನಡುವೆ. ಸಣ್ಣ ಶಾಖದಲ್ಲಿ ಗೆಣಸು ಆ ಹಂತವನ್ನು ನಿಧಾನವಾಗಿ ದಾಟುತ್ತದೆ, ಸಿಹಿ ಹೆಚ್ಚುತ್ತದೆ. ನೇರವಾಗಿ ಜೋರು ಶಾಖಕ್ಕೆ ಹಾಕಿದರೆ ಕಿಣ್ವ ಬೇಗನೆ ಸತ್ತುಹೋಗುತ್ತದೆ. ಬ್ರೊಕೊಲಿಯನ್ನೂ ಇದೇ ಹೊತ್ತಿನಲ್ಲಿ ಬಿಡಿಸಿ, ಹೆಚ್ಚಿ, ಹರಡಿಡುವುದು ಜಾಣತನ. ಹೆಚ್ಚಿದಾಗಲಷ್ಟೇ ಮೈರೊಸಿನೇಸ್ ಎಂಬ ಕಿಣ್ವ ಎಚ್ಚೆತ್ತು, ಆರೋಗ್ಯಕ್ಕೆ ಒಳ್ಳೆಯದೆಂದು ಸಂಶೋಧಕರು ಬೆನ್ನುಹತ್ತಿರುವ ಸಲ್ಫೊರಫೇನ್ ಎಂಬ ಅಂಶವನ್ನು ಮಾಡುತ್ತದೆ. ಬೆಂಕಿ ತಗುಲಿದ ಮೇಲೆ ಅದಕ್ಕೆ ಎಡೆಯಿಲ್ಲ.

ಮಾಂಸ ಹೊರಬಂದ ಮೇಲೆ ಗೆಣಸನ್ನು ಒಳಗೇ ಬಿಟ್ಟು ಓವನ್ನನ್ನು 220 ಡಿಗ್ರಿಗೆ ಏರಿಸಬೇಕು. ಈಗ ಬ್ರೊಕೊಲಿ, ದೊಣ್ಣೆಮೆಣಸಿನಕಾಯಿ, ಕೆಂಪು ಈರುಳ್ಳಿಗಳ ಸರದಿ. ಅವಕ್ಕೆ ಪ್ರತ್ಯೇಕ ಟ್ರೇ ಬೇಕೇ ಬೇಕು. ಎಲ್ಲವನ್ನೂ ಒಂದರಲ್ಲೇ ಒತ್ತೊತ್ತಾಗಿ ಸುರಿದರೆ ತರಕಾರಿಯಿಂದ ಹೊಮ್ಮಿದ ಆವಿಗೆ ಹೋಗಲು ದಾರಿಯಿರದೆ ಎಲ್ಲ ಬೇಯುತ್ತದೆ, ಯಾವುದೂ ಸುಡುವುದಿಲ್ಲ. ಸ್ಟೇಕ್‌ನ ಮೇಲ್ಮೈಗೆ ಅನ್ವಯಿಸಿದ ನೀರಿನ ನಿಯಮವೇ ಇಲ್ಲೂ. ತುಂಡುಗಳ ನಡುವೆ ಬೆರಳಗಲ ಜಾಗವಿದ್ದರೆ ಅಂಚು ಕಪ್ಪಾಗಿ ಗರಿಗರಿಯಾಗುತ್ತದೆ, ಕಹಿಯ ಜೊತೆ ಸಿಹಿಯೂ ಬರುತ್ತದೆ. ಬ್ರೊಕೊಲಿಗೆ 15ರಿಂದ 18 ನಿಮಿಷ ಸಾಕು. ತಟ್ಟೆಗೆ ನೇರ ಬಡಿಸುವುದಾದರೆ ಇನ್ನೂ ಎರಡು-ಮೂರು ನಿಮಿಷ ಬಿಡಬಹುದಿತ್ತು. ಬುಧವಾರ ಮತ್ತೆ ಬಿಸಿಯಾಗಬೇಕಾದದ್ದಕ್ಕೆ ಕಾಂಡದಲ್ಲಿ ಕಚ್ಚು ಉಳಿದಿರಬೇಕು.

ಆಮೇಲೆ ಬರುವುದು ಯಾರೂ ಗಮನ ಕೊಡದ ಘಟ್ಟ, ತಣಿಸುವುದು. 4ರಿಂದ 60 ಡಿಗ್ರಿಯ ನಡುವೆ ಸೂಕ್ಷ್ಮಜೀವಿಗಳು ಭರದಿಂದ ಹೆಚ್ಚುತ್ತವೆ. ಬೆಂದದ್ದು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಕೂಡದು. ಸೆಖೆ 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಆಳವಿಲ್ಲದ ಡಬ್ಬಿಯಲ್ಲಿ ಹರಡಿದರೆ ಬೇಗ ತಣಿಯುತ್ತದೆ.

ಮಾಂಸವನ್ನು ಈ ಹಂತದಲ್ಲಿ ತೆಳ್ಳಗೆ ಹೆಚ್ಚಿ ತುಂಬಿಡುವುದು ರೂಢಿ, ಮೂರನೆಯ ದಿನದ ರುಚಿ ಕೆಡುವುದೂ ಅಲ್ಲೇ. ಬೆಂದ ಮಾಂಸವನ್ನು ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿ ಮಾಡಿದಾಗ ಬರುವ ಕಮಟು ವಾಸನೆಯನ್ನು 1958ರಲ್ಲಿ ಟಿಮ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು ಗುರುತಿಸಿ ಹೆಸರಿಟ್ಟರು. ಬೇಯುವಾಗ ಮಯೋಗ್ಲೋಬಿನ್‌ನಿಂದ ಬಿಡುಗಡೆಯಾದ ಕಬ್ಬಿಣ, ಸ್ನಾಯುವಿನ ಕೊಬ್ಬು, ಗಾಳಿಯ ಆಮ್ಲಜನಕ ಮೂರೂ ಸೇರಿ ಈ ಕೆಲಸ ನಡೆಸುತ್ತವೆ. ಹೆಚ್ಚಿದಷ್ಟೂ ಗಾಳಿಗೆ ಮೈಯೊಡ್ಡುವ ಭಾಗ ಹೆಚ್ಚು. ಆದ್ದರಿಂದ ಮಾಂಸವನ್ನು ಮೂರು ದೊಡ್ಡ ತುಂಡಾಗಿಯೇ ಇಟ್ಟು, ಗಾಳಿಯಾಡದಂತೆ ಬಿಗಿಯಾಗಿ ಸುತ್ತಿಡಬೇಕು. ರೋಸ್‌ಮೆರಿ ಸೊಪ್ಪು ಸವರಿದ್ದರೆ ಅದರಲ್ಲಿರುವ ಅಂಶಗಳೂ ಈ ಕೆಡುಕನ್ನು ನಿಧಾನಿಸುತ್ತವೆ.

ಹಾಗಾದರೆ ಬುಧವಾರ ಸಂಜೆ ಮಾಡಬೇಕಾದದ್ದೇನು? ತರಕಾರಿಯನ್ನು ಮಾತ್ರ ಬಿಸಿ ಮಾಡಬೇಕು. ಮಾಂಸವನ್ನು ತಣ್ಣಗಿರುವಾಗಲೇ ಎಳೆಗೆ ಅಡ್ಡಲಾಗಿ ಎಷ್ಟು ತೆಳ್ಳಗೆ ಸಾಧ್ಯವೋ ಅಷ್ಟು ತೆಳ್ಳಗೆ ಹೆಚ್ಚಿ, ಹಬೆಯಾಡುವ ತರಕಾರಿಯ ಮೇಲೆ ಹರಡಬೇಕು. ಸರಿಯಾಗಿ ಬೆಂದು, ಬೇಗ ತಣಿದು, ಫ್ರಿಜ್ಜಿನಲ್ಲೇ ಇದ್ದ ಮಾಂಸವನ್ನು ತಣ್ಣಗೆ ತಿನ್ನಲು ಅಡ್ಡಿಯಿಲ್ಲ. ಮತ್ತೆ ಬಿಸಿ ಮಾಡುವುದಾದರೆ 74 ಡಿಗ್ರಿಗೆ ಏರಿಸಬೇಕೆಂಬುದು ಅಮೆರಿಕದ ಕೃಷಿ ಇಲಾಖೆಯ ಸಲಹೆ. ಗರ್ಭಿಣಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಮೃದುತ್ವದ ಆಸೆ ಬಿಟ್ಟು ಅದನ್ನೇ ಪಾಲಿಸಬೇಕು. ಮೇಲಿಂದ ಅರ್ಜೆಂಟೀನಾದ ಚಿಮಿಚುರಿ, ಅಂದರೆ ಪಾರ್ಸ್ಲಿ ಸೊಪ್ಪು, ಬೆಳ್ಳುಳ್ಳಿ, ವಿನೆಗರ್, ಎಣ್ಣೆ ಕೂಡಿಸಿದ ಹಸಿರು ಗೊಜ್ಜು, ಎರಡು ಚಮಚ. ತಣ್ಣನೆಯ ಮಾಂಸಕ್ಕೆ ಹುಳಿ ಬೇಕೇ ಬೇಕು.

ಇಷ್ಟಾದರೆ ಒಂದು ಡಬ್ಬಿಯಲ್ಲಿ 40 ಗ್ರಾಂ ದಾಟುವ ಪ್ರೋಟೀನ್, ಹೆಚ್ಚುಕಡಿಮೆ 500 ಕ್ಯಾಲೊರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ 1.6 ಗ್ರಾಂನ ತನಕ ಉಪಯೋಗವಿದೆ ಎಂದು ಕ್ರೀಡಾ ವಿಜ್ಞಾನದ ಅಧ್ಯಯನಗಳು ಕಂಡುಕೊಂಡಿವೆ. ಕುರ್ಚಿಯಲ್ಲೇ ದಿನ ಕಳೆಯುವವರಿಗೆ ಈ ಒಂದು ಡಬ್ಬಿಯ ಮೇಲೆ ಪ್ರೋಟೀನ್ ಪುಡಿಯ ಅಗತ್ಯ ಎಳ್ಳಷ್ಟೂ ಇಲ್ಲ.

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಿಗೆ ವಾರಾಂತ್ಯದ ಸಿದ್ಧತೆ ಹೊಸದೇನಲ್ಲ. ಶನಿವಾರ ರುಬ್ಬಿಟ್ಟ ದೋಸೆ ಹಿಟ್ಟು ವಾರದ ನಡುವಿನ ತನಕ ನಡೆಯುತ್ತದೆ. ಆದರೆ ಆ ಮನೆಗಳಲ್ಲಿ ದನದ ಮಾಂಸ ಮುಟ್ಟದವರು ಬಹಳ. ಕರ್ನಾಟಕದಲ್ಲಂತೂ 2020ರ ಗೋಹತ್ಯೆ ತಡೆ ಕಾಯ್ದೆಯ ಪ್ರಕಾರ 13 ವರ್ಷ ಮೀರಿದ ಎಮ್ಮೆ-ಕೋಣದ ಹೊರತು ಬೇರೆ ದನ, ಎಮ್ಮೆಗಳ ವಧೆ ನಿಷಿದ್ಧ. ಕುರಿಯ ತೊಡೆಯ ಮಾಂಸಕ್ಕೆ ಮೇಲೆ ಹೇಳಿದ ಕ್ರಮ ಹಾಗೆಯೇ ಒಗ್ಗುತ್ತದೆ, ಅದೂ ಕೆಂಪು ಮಾಂಸವೇ ಆದ್ದರಿಂದ ವಾರದ ಮಿತಿಯೂ ಅನ್ವಯಿಸುತ್ತದೆ. ಕೋಳಿಯ ಎದೆಭಾಗವಾದರೆ 63 ಡಿಗ್ರಿಗೆ ನಿಲ್ಲಿಸುವಂತಿಲ್ಲ, 74 ಆಗಲೇಬೇಕು. ಗುರುವಾರ, ಶುಕ್ರವಾರದ ಡಬ್ಬಿಗಳಿಗೆ ಮಾಂಸವೇ ಬೇಕೆಂದಿಲ್ಲ. 100 ಗ್ರಾಂ ಪನೀರ್‌ನಲ್ಲಿ 18 ಗ್ರಾಂನಷ್ಟು ಪ್ರೋಟೀನ್ ಇದೆ, ಬೆಂದ ಕಾಬೂಲಿ ಕಡಲೆಯಲ್ಲಿ 9 ಗ್ರಾಂ. ಕಡಲೆಯನ್ನು ಬುಧವಾರ ರಾತ್ರಿ ನೆನೆಹಾಕಿ, ಗುರುವಾರ ಬೇಯಿಸಿ, ಬಟ್ಟೆಯಲ್ಲಿ ಒತ್ತಿ ತೇವ ತೆಗೆದು, ತರಕಾರಿಯ ಟ್ರೇನಲ್ಲೇ 220 ಡಿಗ್ರಿಗೆ ಇಪ್ಪತ್ತೈದು ನಿಮಿಷ ಇಟ್ಟರೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಪನೀರ್ ಹದಿನೈದು ನಿಮಿಷದಲ್ಲಿ ಅಂಚು ಕೆಂಪಗಾಗಿ ಸಿದ್ಧವಾಗುತ್ತದೆ. ಉಳಿದ ಚಿಮಿಚುರಿ ಎರಡಕ್ಕೂ ಸಾಲುತ್ತದೆ.